ಬೇಲಿ ಸಾಲಿನ ಎಳನೀರು

ಶ್ರೀ ಗುರುಬಸವಲಿಂಗಾಯ ನಮಃ

ಅರಳಗುಪ್ಪೆ ಪಕ್ಕದ ತೋಟದ ಮನೆ
14-3-2025, ಶುಕ್ರವಾರ

ಪ್ರೀತಿಯ ಸಿದ್ದಕ್ಕನಿಗೆ ಓರಗಿತ್ತಿ ಗೌರ ಮಾಡುವ ಶರಣು.

ಮೊದಲು ಇಷ್ಟು ಓದು ಅಕ್ಕ, ಸಿಟ್ಟು ಆಮೇಲೆ ಮಾಡಿಕೊ. ನಿನ್ನ ಮಗಳು ಭಾನುವಿಗೆ ನಿಮ್ಮ ತೋಟದ ಎಳನೀರು ಕೊಡಬೇಡ. ಬೇಲಿ ಸಾಲಿನ ಮರದ್ದಂತೂ ಒಂದು ಗುಟುಕೂ ಬೇಡ. ದಿನಾ ಭಾವನವರು ಅಲ್ಲಿಂದಲೇ ಕಿತ್ತು ಕೊಡುವುದು ನಮ್ಮ ಜಗಲಿಗೆ ಕಾಣುತ್ತದೆ. ಏಳು ತಿಂಗಳ ಬಸುರಿ ಅದು.

ನೀನು ನನ್ನ ಫೋನ್ ಎತ್ತುವುದಿಲ್ಲ. ಬೇಲಿ ಹತ್ತಿರ ನಿಂತು ಕೂಗೋಣವೆಂದರೆ ಭಾವನವರ ಕಿವಿಗೆ ಬಿದ್ದು, ಭಾಗ ಆದ ದಿನದ ಹಾಗೆ ಅಣ್ಣತಮ್ಮಂದಿರು ಮತ್ತೆ ಮಚ್ಚು ಹಿಡಿದಾರು. ಅದಕ್ಕೇ ಡೈರಿಗೆ ಹಾಲು ಹಾಕಲು ಹೋಗುವ ಚೌಡಮ್ಮನ ಕೈಲಿ ಕಳಿಸುತ್ತಿದ್ದೇನೆ.

ಕಪ್ಪುತಲೆ ಹುಳ ಎರಡು ತೋಟದ ಗರಿಯನ್ನೂ ಸುಟ್ಟ ಹಾಗೆ ಮಾಡಿದೆಯಲ್ಲ. ನಮ್ಮ ಮರಕ್ಕೆ ನಾನು ಔಷಧಿ ಮುಟ್ಟಿಸಲಿಲ್ಲ, ಪರೋಪಜೀವಿ ತಂದು ಬಿಟ್ಟೆ. ಇರುವೆಯಷ್ಟು ಸಣ್ಣ ಕಣಜ ಅದು. ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಕಣಜದ ಮರಿ ಆ ಹುಳವನ್ನೇ ಹೀರಿ ಬೆಳೆಯುತ್ತದೆ. ಕಣಜ ತುಂಬಿ ತಂದ ಕೊಳವೆಗೆ ವಿಭೂತಿ ಹಚ್ಚಿ ಶಿವನನ್ನು ನೆನೆದು ಬಿಟ್ಟೆ. ನಮ್ಮವರು ನಕ್ಕರು: "ನಿನ್ ಸೊಳ್ಳೆ ಪೂಜೆ ಮುಗಿಯೋ ಹೊತ್ಗೆ ಪಕ್ಕದವರ ಹುಳ ಎಲ್ಲಾ ಇಲ್ಲೇ ಬೀಡು ಬಿಟ್ಟಿರ್ತವೆ ಕಣೇ."

ನಿನ್ನೆ ಸಂಜೆ ನಿಮ್ಮ ಬೇಲಿ ಸಾಲಿನ ಗರಿಯೊಂದು ನಮ್ಮ ಕಡೆ ಬಿತ್ತು. ತಿರುಗಿಸಿದೆ. ಹುಳವೆಲ್ಲ ಸತ್ತಿದ್ದವು. ಶಿವ ಕಣ್ಣು ಬಿಟ್ಟ ಎಂದು ಕೈ ಮುಗಿದೆ. ಆಮೇಲೆ ನೋಡಿದರೆ ಒಂದರ ಮೈಮೇಲೂ ಕಣಜದ ಮರಿಯಿಲ್ಲ. ನಮ್ಮ ಮರದ ಸತ್ತ ಹುಳಗಳ ಮೇಲೆ ಅಕ್ಕಿನುಚ್ಚಿನ ಹಾಗೆ ಅಂಟಿಕೊಂಡಿರುತ್ತವೆ. ಇವನ್ನು ಕೊಂದದ್ದು ಕಣಜವಲ್ಲ, ಔಷಧಿ.

ಆ ಮರಗಳ ಬುಡ ಕೆರೆದು ನೋಡು. ಬೇರಿಗೆ ಪ್ಲಾಸ್ಟಿಕ್ ಕವರ್ ಕಟ್ಟಿರುತ್ತದೆ, ಒಳಗೆ ವಿಷ. ಬೇರು ಕುಡಿದದ್ದು ಕಾಯಿಗೂ ಏರುತ್ತದೆ. ಒಂದೂವರೆ ತಿಂಗಳು ಆ ಕಾಯಿ ಮುಟ್ಟಬಾರದು. ಭಾನುವನ್ನು ಇವತ್ತೇ ತಿಪಟೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಯಾರು ಕಟ್ಟಿದರೆಂಬ ಮಾತು ಭಾವನವರ ಮುಂದೆ ಎತ್ತಬೇಡ. ಕೂಲಿಯವರು ಮರ ತಪ್ಪಿ ಕಟ್ಟಿರಬಹುದು.

ಮಗುವಿಗೆ ಎಣ್ಣೆ ನೀರು ಹಾಕಲು ನನ್ನನ್ನು ಕರೆಯದಿದ್ದರೂ ಪರವಾಗಿಲ್ಲ ಅಕ್ಕ. ಅದು ಅಳುವ ಸದ್ದು ಬೇಲಿಯೀಚೆ ಕೇಳಿದರೆ ಸಾಕು.

ಇಂತಿ,
ನಿನ್ನ ಪುಟ್ಟಗೌರಮ್ಮ

ಇನ್ನೊಂದು ಮಾತು. ಓದಿ ಒಲೆಗೆ ಹಾಕು. ಕೂಲಿಯವರೆಂದು ಬರೆದದ್ದು ಸುಳ್ಳು. ಮೇಲೆ ದೇವರ ಹೆಸರಿಟ್ಟು ಕೆಳಗೆ ಸುಳ್ಳು ಬರೆದು ಕಳಿಸಲಾರೆ. ಹೋದ ವಾರ ನಮ್ಮವರ ಪಂಚೆಯ ಮಂಡಿಯ ಹತ್ತಿರ ಮಣ್ಣು, ಔಷಧಿ ವಾಸನೆ. ಒಗೆದವಳು ನಾನೇ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. "ಅವರ ಹುಳ ಸತ್ರೆ ನಮ್ಗೂ ನೆಮ್ದಿ. ಕೊಬ್ರಿಗೆ ಬಿಡೋ ಕಾಯಿ ಅವು, ಎಳನೀರು ಯಾರು ಕೀಳ್ತಾರೆ ಬುಡೇ" ಎಂದರು. ಭಾನು ದಿನಾ ಕುಡಿಯುತ್ತಾಳೆಂದೆ. ತಟ್ಟೆ ಬಿಟ್ಟು ಎದ್ದು ಹೋದರು. ಇವತ್ತು ಬೆಳಿಗ್ಗೆ ಒಗೆಯಲು ತೆಗೆದರೆ ಪಂಚೆ ಮತ್ತೆ ಮಣ್ಣಾಗಿದೆ. ಬಿಚ್ಚಲು ಹೋಗಿದ್ದರೋ, ಇನ್ನೊಂದು ಮರಕ್ಕೆ ಕಟ್ಟಲು ಹೋಗಿದ್ದರೋ, ಬಾಯಿ ಬಿಡುತ್ತಿಲ್ಲ. ನೀನು ಎಲ್ಲಾ ಮರದ ಬುಡವನ್ನೂ ನೋಡು.