ಒಂದೇ ಇಟ್ಟಿಗೆ ದಪ್ಪದ ಗೋಡೆ

ಅಪ್ಪಾ,

ನಿನ್ನ ಕಾಲಿಗೆ ನಮಸ್ಕಾರ. ಜಗಳ ಇನ್ನೂ ಮುಗಿದಿಲ್ಲ.

ಸಮುದಾಯ ಭವನದ ನಕ್ಷೆ ನೋಡಿ, "ಇದೇನು ಗೋಡೆಯೋ, ಹಾವು ಹರಿದ ದಾರಿಯೋ? ಒಂದೇ ಇಟ್ಟಿಗೆ ದಪ್ಪ! ಸೀನಿದ್ರೆ ಬೀಳುತ್ತೆ" ಎಂದು ಗಾರೆ ಮೆತ್ತುವ ಕರಣೆ ಎಸೆದು ಅಕ್ಕನ ಮನೆಗೆ ಹೋಗಿ ಕೂತೆಯಲ್ಲ, ಆ ಗೋಡೆ ಎದ್ದು ನಿಂತಿದೆ. ನೀನು ಹೋದ ಮೇಲೆ, ನಕ್ಷೆ ಬರೆದ ಮೇಡಂ ಒಂದು ಹಾಳೆಯನ್ನು ನೆಟ್ಟಗೆ ನಿಲ್ಲಿಸಿದರು, ಬಿತ್ತು. ಅದನ್ನೇ ಅಲೆಯಂತೆ ಬಾಗಿಸಿ ನಿಲ್ಲಿಸಿದರು, ನಿಂತಿತು. "ಬಾಗೋದೇ ಇದರ ಬಲ ಕಣಮ್ಮ" ಎಂದರು. ಎಂಥ ತಲೆ ಅಪ್ಪಾ ಆಕೆಯದು! ಹದಿನೆಂಟು ಜನ ಭುಜ ಕೊಟ್ಟು ತಳ್ಳಿದೆವು, ಗೋಡೆ ಕದಲಲಿಲ್ಲ.

ಆದರೆ ಪಂಚಾಯ್ತಿ ಕಚೇರಿಯ ಇಂಜಿನಿಯರ್ ಕೈಯಲ್ಲಿ ನಿನ್ನ ಕಾಗದವಿದೆ. "ನಿಲ್ಲೋಲ್ಲ ಅಂತ ನಿಮ್ಮ ಮೇಸ್ತ್ರಿನೇ ಬರೆದುಕೊಟ್ಟಿದ್ದಾನೆ. ಸೋಮವಾರ ಕೆಡವ್ತೀವಿ" ಎಂದು ನಗುತ್ತಾನೆ. ನಲವತ್ತು ವರ್ಷ ನಿನ್ನನ್ನು ಬಾಗಿಲಲ್ಲೇ ನಿಲ್ಲಿಸಿದ ಕಚೇರಿಗೆ ಈಗ ನಿನ್ನ ಮಾತು ವೇದವಾಕ್ಯವಾಯಿತೇ? ಬಡವರು ಕೂರಲು ಇಷ್ಟು ಚೆಂದದ ಜಾಗವೇ ಎಂಬ ಹೊಟ್ಟೆಯುರಿ ಅದು.

ನೀನು ಎಸೆದ ಕರಣೆಯನ್ನು ಎತ್ತಿಕೊಂಡವಳು ನಾನು. ಹೆಂಗಸರಿಗೆ ಗಾರೆ ಬಾಂಡ್ಲಿ ಹೊರುವುದೇ ಸಾಕು ಎನ್ನುತ್ತಿದ್ದೆ ನೀನು. ಆ ಗೋಡೆಯ ಒಂದೊಂದು ಇಟ್ಟಿಗೆಯನ್ನೂ ಇಟ್ಟದ್ದು ನಾನೇ. ನಿನ್ನ ಕೈ ನೋಡಿ ಕಲಿತದ್ದು. ಅಂಥ ಕೈಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಸೋಮವಾರ ಏಳರ ಬಸ್ಸು ಹಿಡಿ. ಗೋಡೆಯ ನೇರ ನೋಡುವ ನಿನ್ನ ತೂಗುಗುಂಡು ತಾ. ನೀನೇ ಅಳೆ, ನೀನೇ ತಳ್ಳು. ಅಲುಗಿದರೆ ನಾನೇ ಕೆಡವುತ್ತೇನೆ. ಅಲುಗದಿದ್ದರೆ ಇಂಜಿನಿಯರ್ ಎದುರು ಬಾಯಿಬಿಟ್ಟು ಹೇಳು, ಇದನ್ನು ಕಟ್ಟಿದ್ದು ಯಾರೆಂದು.

ನಿನ್ನ ಕಿರಿಮಗಳು,
ಗಾರೆ ಕೆಲಸದವಳು