ಮೆಹಬೂಬ ಬಚ್ಚಿಟ್ಟ ಡಬ್ಬಿ

ಹಳೇ ಹುಬ್ಬಳ್ಳಿ
ತಾ. 14 ಮೇ 1944

ಗೆಳೆಯ ಮಹಾಂತಯ್ಯನವರಿಗೆ,

ಕಮರುದ್ದೀನನ ಸಲಾಮು. ನೀವೂ ಸಂಗವ್ವ ತಾಯಿಯೂ ಗದಗಿನ ಮಗಳ ಮನೆಯಲ್ಲಿ ಸುಖವಾಗಿದ್ದೀರೆಂದು ತಿಳಿದಿದ್ದೇನೆ. ನೀವು ಕಳಿಸಿದ ಒಗಟಿನ ಚೀಟಿ ತಲುಪಿ ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದಿರಬೇಕು. ಬೈಯಿರಿ. ಅಂಗಡಿಯಲ್ಲಿ ಕೆಲಸವಿತ್ತು ಎಂದು ಸುಳ್ಳು ಹೇಳಬಹುದಿತ್ತು, ಆದರೆ ಯುದ್ಧದ ದೆಸೆಯಿಂದ ತಗಡೇ ಸಿಗುತ್ತಿಲ್ಲವೆಂಬುದು ನಿಮಗೂ ಗೊತ್ತು. ಹಳೆಯ ಕೊಡ, ಹಳೆಯ ಚಿಮಣಿಗಳಿಗೆ ಬೆಸುಗೆ ಹಾಕುತ್ತ ಕೂತಿದ್ದೇನೆ.

ಡಬ್ಬಿ ಸಿಕ್ಕಿತು. ಮೊದಲು ಅದನ್ನೇ ಬರೆಯಬೇಕಿತ್ತು.

ಸತ್ತೂರಿನ ಮಾವಿನ ತೋಪು ಈಗ ನೋಡುವ ಹಾಗಿಲ್ಲ. ನೀವು ಬೇಸಿಗೆ ಶಿಬಿರ ನಡೆಸುತ್ತಿದ್ದಾಗ ಹುಡುಗರ ಗದ್ದಲಕ್ಕೆ ಕಾಗೆ ಕೂಡ ಕೂಡುತ್ತಿರಲಿಲ್ಲ. ಕೊನೆಯ ದಿನದ ನಿಧಿ ಆಟಕ್ಕೆ ಪ್ರತಿ ವರ್ಷ ನನ್ನಿಂದಲೇ ಡಬ್ಬಿ ಮಾಡಿಸುತ್ತಿದ್ದಿರಿ. ಒಬ್ಬ ಹುಡುಗ ಅದನ್ನು ಬಚ್ಚಿಟ್ಟು ಒಗಟು ಹೇಳುವುದು, ನೀವು ಬರೆದುಕೊಳ್ಳುವುದು, ಉಳಿದವರು ಹುಡುಕಿ ಒಳಗಿನ ಮಸಿ ಹಚ್ಚಿದ ಮರದ ಶಿಕ್ಕಾದ ಮುದ್ರೆಯನ್ನು ಕೊರಳ ರುಮಾಲಿಗೆ ಒತ್ತಿಕೊಂಡು ಕುಣಿಯುತ್ತ ಬರುವುದು. ಕಡೆಯ ವರ್ಷ ನನ್ನ ಮೆಹಬೂಬ ಬಚ್ಚಿಟ್ಟದ್ದು ಮಾತ್ರ ಯಾರಿಗೂ ಸಿಗಲಿಲ್ಲ. ಮರುವರ್ಷ ಶಿಬಿರವೇ ನಿಂತಿತು. ಅವನು ಲಾರಿ ನಡೆಸುವುದಕ್ಕೆ ಪಲ್ಟನ್ನು ಸೇರಿ ಬರ್ಮಾದ ಕಡೆಗೆ ಹೋದ. ಮೊಹರಮ್ಮಿನಿಂದ ಈಚೆಗೆ ಕಾಗದವಿಲ್ಲ.

ಆಗಿನಿಂದ ಅವನ ತಾಯಿ ಹಾಜರಾಬಿಗೆ ಒಂದೇ ಹಟ. "ಅವ ಇಟ್ಟದ್ದು ಸಿಕ್ಕರ ಅವನೂ ಸಿಗತಾನ. ಮಹಾಂತಯ್ಯನೋರಿಗೆ ಬರದು ಆ ಒಗಟಾ ತರಸ್ರಿ" ಎಂದು ಗಂಟುಬಿದ್ದಳು. ಅದಕ್ಕಾಗಿಯೇ ನಿಮಗೆ ತೊಂದರೆ ಕೊಟ್ಟದ್ದು.

ನೀವು ಬರೆದಿಟ್ಟದ್ದು ಹೀಗಿತ್ತು: "ಖಬರ ಇಲ್ಲದ ಅಜ್ಜಗ ನೆರಳ ಹಿಡದಾಕಿ ಬುಡಕ ನೋಡ್ರಿ." ಖಬರ ಇಲ್ಲದವನೆಂದರೆ ಎಚ್ಚರ ತಪ್ಪಿದವನು. ತೋಪಿನ ದಂಡೆಗೆ ಆಲದ ಮರದಡಿ ಬೋರಲು ಬಿದ್ದ ವೀರಗಲ್ಲಿಗೆ ಹುಡುಗರು 'ಕುಡದ ಅಜ್ಜ' ಎಂದು ಹೆಸರಿಟ್ಟಿದ್ದರಲ್ಲ, ಆಗ ಎಲ್ಲರೂ ಆಲದ ಬುಡವನ್ನೇ ಅಗೆದಿದ್ದರಂತೆ. ಕಳೆದ ಗುರುವಾರ ನಾನೂ ಅಲ್ಲೇ ಅಗೆದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಹಾಜರಾಬಿ ರೊಟ್ಟಿ ಗಂಟು ಹಿಡಿದು ಪಕ್ಕದಲ್ಲಿ ಕೂತಿದ್ದಳು.

"ಇನ್ನೊಮ್ಮೆ ಓದ್ರಿ" ಅಂದಳು. ಓದಿದೆ.

"ಖಬರ ಅಲ್ರಿ ಅದು! ಕಬರ, ಕಬರ! ಕಬರ ಇಲ್ಲದ ಅಜ್ಜ ಅಂದ್ರ ಚಿಲ್ಲಾದ ಅಜ್ಜ. ನನ್ನ ಮಗಾ ಹಾಂಗ ಅಂದಿರ್ತಾನ."

ಸಲಿಕೆ ಬಿಸುಟು ಅವಳ ಹಿಂದೆ ನಡೆದೆ. ದಿನ್ನೆಯ ಮೇಲಿನ ಚಿಲ್ಲಾ ನಿಮಗೆ ಗೊತ್ತು, ನೀವೂ ಎಷ್ಟೋ ಸಲ ಕೈಮುಗಿದಿದ್ದೀರಿ. ಪೀರಜ್ಜ ಅಲ್ಲಿ ಕೂತು ಪ್ರಾರ್ಥನೆ ಮಾಡಿ ಮುಂದೆ ಹೋದವರು, ಮಣ್ಣಾದದ್ದು ಬೇರೆ ಊರಲ್ಲಿ. ಬರೀ ಕಟ್ಟೆಯಿದೆ, ಗೋರಿಯಿಲ್ಲ, ಕಬರ ಇಲ್ಲ. ಮೇಲೆ ಬೇವಿನ ಮರ. ಮಹಾಂತಯ್ಯ, ಉರ್ದು ಮಾತು ಬಂತೆಂದರೆ ಸಾಕು, ಮಹಾಪ್ರಾಣ ಹಚ್ಚುವ ನಿಮ್ಮ ಚಟಕ್ಕೆ ಏನು ಹೇಳಲಿ! ನನ್ನನ್ನೇ ಮೊದಲ ವರ್ಷವೆಲ್ಲ 'ಖಮರುದ್ದೀನ' ಎಂದು ಕರೆದವರು ನೀವು.

ಬೇವಿನ ಬೇರಿನ ಪೊಟರೆಯಲ್ಲಿ ಕಲ್ಲು ತುರುಕಿದ್ದ. ಹಿಂದೆ ಡಬ್ಬಿ. ಮುಚ್ಚಳ ಜಂಗು ಹಿಡಿದಿತ್ತು, ಬೆಸುಗೆ ಬಿಟ್ಟಿರಲಿಲ್ಲ. ಒಳಗೆ ಅವನೇ ಕೊರೆದ ಶಿಕ್ಕಾ, ಒಂದು ಲಾರಿಯ ಚಿತ್ರ, ಗಾಲಿ ಎರಡೂ ಸೊಟ್ಟ. ಮಸಿ ಒಣಗಿ ಹೋಗಿತ್ತು. ಹಾಜರಾಬಿ ಉಗುಳು ಹಚ್ಚಿ ತೋಯಿಸಿ, ಶಿಕ್ಕಾವನ್ನು ಸೆರಗಿನ ತುದಿಗೆ ಒತ್ತಿಕೊಂಡು ಗಟ್ಟಿಯಾಗಿ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ನನಗೆ ಏನೂ ಅನಿಸಲಿಲ್ಲ. ಈಚೆಗೆ ಬೆಸುಗೆ ಹಾಕುವ ಕಾದ ಕಾವಿ ಕೈಗೆ ತಗುಲಿದರೂ ನನಗೆ ತಿಳಿಯುವುದು ತಡ. ರೊಟ್ಟಿ ತಿಂದು ನಡೆದುಕೊಂಡೇ ಸ್ಟೇಶನ್ನಿಗೆ ಬಂದೆವು.

ಊರಿಗೆ ಬಂದವಳು ಮನೆಗೆ ಬರಲಿಲ್ಲ, ಸೀದಾ ಅಮೀನಾಬಿಯ ಮನೆಗೆ ಹೋದಳು. ಅವರ ಮಗಳು ಶಹಜಹಾನಬೇಗಂಳನ್ನು ಮೆಹಬೂಬನಿಗೆ ಕೇಳಬೇಕೆಂದು ಮೊದಲಿನಿಂದ ಮನಸ್ಸಿತ್ತು. ಹುಡುಗಿಗೆ ಸವಣೂರಿನಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತಂತೆ. "ನನ್ನ ಮಗಾ ಬರಾಕತ್ತಾನ, ಅವರಿಗೆ ಬ್ಯಾಡ ಅಂತ ಹೇಳಿಬಿಡ್ರಿ" ಎಂದು ಇವಳು ಹೇಳಿದಳು, ಅವರು ಹೂಂ ಅಂದಿದ್ದಾರೆ. ಬರುವ ಶುಕ್ರವಾರ ಸಕ್ಕರೆ ಹಂಚಿ ಮಾತು ಮುಗಿಸುವುದು, ಸವಣೂರಿಗೆ ಅಂದೇ ಹೇಳಿ ಕಳಿಸುವುದು. "ಒಗಟಾ ಕಳಿಸಿದೋರು ಅವರು. ಅವರು ಬರಲಿಲ್ಲಂದ್ರ ನಾ ಮಾತಾಡಂಗಿಲ್ಲಂತ ಬರೀರಿ" ಎನ್ನುತ್ತ ಇಲ್ಲೇ ಬಾಗಿಲಲ್ಲಿ ನಿಂತಿದ್ದಾಳೆ. ಬರೆದಿದ್ದೇನೆ.

ತಾಯಿಯವರಿಗೆ ನನ್ನ ಸಲಾಮು. ನಿಮ್ಮ ಮೊಮ್ಮಕ್ಕಳು ಬೆಳೆದು ದೊಡ್ಡವರಾಗಲಿ, ನಿಮ್ಮ ಕಣ್ಣ ಮುಂದೆಯೇ ಇರಲಿ.

ನಿಮ್ಮ
ಕಮರುದ್ದೀನ

ತಾ.ಕ.: ಅವಳು ಒಳಗೆ ಹೋದಳು. ಖಾಜಾಸಾಬ ಯುದ್ಧದಿಂದ ಬಂದಿದ್ದಾನೆ. ಮೆಹಬೂಬನ ಪಲ್ಟನ್ನಿನವನೇ, ಕಾಲು ಕಳೆದುಕೊಂಡು ಊರಿಗೆ ಮರಳಿದವನು. ನಿಮ್ಮ ಚೀಟಿ ಬಂದ ಮರುದಿನ ಅಂಗಡಿಗೆ ಬಂದು, "ಕಾಕಾ, ಕೂಡ್ರಿ" ಅಂದ. ನನ್ನ ಅಂಗಡಿಯಲ್ಲಿ ನನಗೇ ಕೂಡ್ರಿ ಅಂದ. ಸೇತುವೆ ಕುಸಿದು ಮೆಹಬೂಬನ ಲಾರಿ ಹೊಳೆಗೆ ಬಿದ್ದದ್ದನ್ನು ಅವನು ದಂಡೆಯಿಂದ ನೋಡಿದ. "ಭಾಳ ಹುಡಕಿದಿವ್ರಿ, ಹೆಣಾ ಸಿಗಲಿಲ್ಲ" ಅಂದ. ಸರಕಾರದ ಕಾಗದ ಇನ್ನೂ ಬಂದಿಲ್ಲ. ಹಾಜರಾಬಿಗೆ ನಾನು ಹೇಳಿಲ್ಲ.

ಒಗಟಿನಲ್ಲಿ ಇದ್ದದ್ದು ಕಬರ ಎಂದು ನನಗೆ ಓದಿದ ಕೂಡಲೇ ತಿಳಿದಿತ್ತು. ಡಬ್ಬಿ ಸಿಗಬಾರದೆಂದೇ ಆಲದ ಬುಡ ಅಗೆದೆ. ಸಿಗದಿದ್ದರೆ ತಾನಾಗಿ ಆಸೆ ಬಿಟ್ಟಾಳು ಎಂದುಕೊಂಡಿದ್ದೆ. ಈಗ ದಿನಾ ಹೇಳಬೇಕೆಂದು ಬಾಯಿ ತೆರೆಯುತ್ತೇನೆ, ಉಪ್ಪು ಕೇಳುತ್ತೇನೆ. ಆ ಹುಡುಗಿಯ ಬಾಳಾದರೂ ಉಳಿಯಲಿ. ಶುಕ್ರವಾರದ ಮೊದಲು ಬನ್ನಿ, ಮಹಾಂತಯ್ಯ. ಮದುವೆಯ ಮಾತಿಗೆ ಬಂದಿರೆಂದು ಅವಳು ನಗುತ್ತ ನೀರು ತರುತ್ತಾಳೆ. ಆ ನೀರು ಕುಡಿಯುವ ಮೊದಲೇ ಹೇಳಿಬಿಡಿ.