ಸ್ವೀಡನ್ ಪಂದ್ಯದ ಪಟ್ಟಿ

ಏಪ್ರಿಲ್ 3, ಎಸ್ಬ್ಯೆರ್ಗ್

ಕೈಗವಸು ಇನ್ನೂ ಒಣಗಿಲ್ಲ. ಹೇರ್ ಡ್ರೈಯರ್ ಡಿಟ್ಟೆಯ ಹತ್ತಿರ. ನಮ್ಮ ಗೋಲ್‌ಕೀಪರ್, ನನ್ನ ರೂಮ್‌ಮೇಟ್ — ತನ್ನ ಕಾಲಿನ ಪ್ಯಾಡ್ ಒಣಗಿಸುತ್ತಾ ಹಾಡುತ್ತಿದ್ದಾಳೆ, ಕೊಡುವ ಲಕ್ಷಣವಿಲ್ಲ. ನಾಳೆ ಐಸ್ ಹಾಕಿ ಪಂದ್ಯ, ಎದುರಿಗೆ ಸ್ವೀಡನ್. ಡೆನ್ಮಾರ್ಕ್ ಪರ ಹದಿನೈದು ವರ್ಷ, ಅವರ ಎದುರು ಇಪ್ಪತ್ತೊಂದು ಪಂದ್ಯ. ಇಪ್ಪತ್ತೊಂದೂ ಸೋಲು. ಇನ್ನು ಅವರ ಎದುರು ಆಡುವ ಅವಕಾಶ ಸಿಗದು, ಈ ಟೂರ್ನಿ ಮುಗಿದರೆ ಆಟ ಬಿಟ್ಟು ನಮ್ಮೂರು ರೊಡೊವ್ರೆಯಲ್ಲಿ ಬಸ್ ಓಡಿಸುವುದಷ್ಟೇ ನನ್ನ ಕೆಲಸ. ಒಂದೇ ಒಂದು ಸಲ ಸೋಲಿಸಿ ಹೋಗಬೇಕು.

ಏಪ್ರಿಲ್ 4, ಬೆಳಿಗ್ಗೆ 9

ತಿಂಡಿ ಸೇರಲಿಲ್ಲ. ಯಾರೋ ಸ್ವೀಡನ್ನಿನ ಪತ್ರಿಕೆ ತಂದಿಟ್ಟರು. ಇವತ್ತು ಅವರ ಎರಡನೇ ಗೋಲ್‌ಕೀಪರ್ ಆಡುತ್ತಾಳಂತೆ, ಮೊದಲನೆಯವಳಿಗೆ ರಜೆಯಂತೆ. ರಜೆ! ನಾವೇನು ಭಾನುವಾರವೇ? ಮೇಜು ಕುಟ್ಟಿ ಕೂಗಾಡಿದೆ.

"ಅಜ್ಜಿ, ಬಿ.ಪಿ. ಮಾತ್ರೆ ತಗೊಂಡ್ಯಾ?" ಎಂದಳು ಲೆರ್ಕೆ. ಹತ್ತೊಂಬತ್ತು ವರ್ಷ, ಮೊದಲ ಟೂರ್ನಿ, ನಾಲಿಗೆ ಮಾತ್ರ ಇಷ್ಟುದ್ದ. ಮೂವತ್ತಾರಕ್ಕೇ ನಾನು ಅಜ್ಜಿ.

ಮಧ್ಯಾಹ್ನ 3.20, ಡ್ರೆಸ್ಸಿಂಗ್ ರೂಮು

ನಲವತ್ತು ಸೆಕೆಂಡು ಆಡಿದೆ, ಅಷ್ಟೇ. ಸ್ವೀಡನ್ ಬೆಂಚಿನಿಂದ ಯಾರೋ ನನ್ನ ಕಡೆ ಬೆರಳು ತೋರಿಸಿದರು. ರೆಫರಿ ಹೋಗಿ ಆಟಗಾರರ ಪಟ್ಟಿ ನೋಡಿ ಬಂದ. ಆರನೇ ನಂಬರ್ ಅದರಲ್ಲಿ ಇಲ್ಲ. ನಾನೇ ಇಲ್ಲ! ಪಂದ್ಯ ಶುರುವಾದ ಮೇಲೆ ಹೆಸರು ಸೇರಿಸುವ ಹಾಗಿಲ್ಲ. ಹೊರಗೆ.

ಮ್ಯಾನೇಜರ್ ಪ್ರೆಬೆನ್ ಹಳೇ ಪಟ್ಟಿ ನೋಡಿಕೊಂಡು ಬರೆದಿದ್ದಾನೆ, ಕಳೆದ ವರ್ಷದ್ದು, ಹೊಸ ಹುಡುಗಿಯರ ಹೆಸರಷ್ಟೇ ಸೇರಿಸಿ. ಆಗ ನಾನು ಮಂಡಿ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದೆ.

"ತಪ್ಪಾಯ್ತು ಗುಡ್ರುನ್, ತಪ್ಪಾಯ್ತು ಕಣಮ್ಮಾ..."

"ನಿನ್ ತಪ್ಪನ್ನ ಉಪ್ಪಿನಕಾಯಿ ಹಾಕ್ಕೋ! ಹದಿನೈದು ವರ್ಷ ಕಣೋ! ಇವತ್ತಿಗೋಸ್ಕರ ಹದಿನೈದು ವರ್ಷ!"

ಮುದುಕ ಕ್ಯಾಪು ತೆಗೆದು ನಿಂತೇ ಇದ್ದ. ನಿಲ್ಲಲಿ. ಗೋಡೆಯಾಚೆ ಜನ ಕೂಗುತ್ತಿದ್ದಾರೆ, ಯಾರು ಗೋಲು ಹೊಡೆದರೋ.

ಸಂಜೆ 6

ಗೆದ್ದೆವು. 2–1.

ಗ್ಯಾಲರಿಯಲ್ಲಿ ಟ್ರ್ಯಾಕ್‌ಸೂಟ್ ಹಾಕಿಕೊಂಡು, ಪಾಪ್‌ಕಾರ್ನ್ ತಿನ್ನುವವರ ನಡುವೆ ಕೂತು ನೋಡಿದೆ. ಡಿಟ್ಟೆ ನಲವತ್ತೇಳು ಹೊಡೆತ ತಡೆದಳು. ಗೆಲುವಿನ ಗೋಲು ಲೆರ್ಕೆಯದು, ಅದೂ ನನ್ನ ಜಾಗಕ್ಕೆ ಇಳಿದು. ಕೊನೆಯಲ್ಲಿ ಸಮ ಮಾಡಲು ಸ್ವೀಡನ್ ತನ್ನ ಗೋಲ್‌ಕೀಪರನ್ನೂ ಹೊರಗೆ ಕರೆದು, ಅವಳ ಬದಲು ಇನ್ನೊಬ್ಬಳನ್ನು ಇಳಿಸಿ, ಆರು ಜನ ನುಗ್ಗಿದರು. ಆಗ ನನಗೆ ಅನ್ನಿಸಿದ್ದು... ಬರೆದೇ ಬಿಡುತ್ತೇನೆ, ಯಾರು ಓದುತ್ತಾರೆ. ನಮ್ಮ ಮೇಲೆ ಒಂದು ಗೋಲು ಬೀಳಲಿ ಅನ್ನಿಸಿತು. ನಾನಿಲ್ಲದೆ ಇವರು ಗೆಲ್ಲಬಾರದು ಅನ್ನಿಸಿತು. ಥೂ.

ಅದಕ್ಕೂ ಪ್ರೆಬೆನ್ನೇ ಕಾರಣ. ನನ್ನನ್ನು ಇಂಥವಳಾಗಿ ಮಾಡಿದ.

ಏಪ್ರಿಲ್ 5

ಸ್ವೀಡನ್ ಪತ್ರಿಕೆಯ ಪ್ರಕಾರ ಅವರು ಸೋತಿದ್ದು ಐಸ್ ಸರಿಯಿಲ್ಲದ್ದಕ್ಕಂತೆ. ನಮ್ಮ ಪತ್ರಿಕೆಗಳಲ್ಲಿ ಇನ್ನೂ ಚಂದ: "ಗುಡ್ರುನ್ ಇಲ್ಲದ್ದರಿಂದ ತಂಡಕ್ಕೆ ವೇಗ ಬಂತು." ಹರಿದು ಬಿಸಾಕಿದೆ. ಲಿಫ್ಟಿನಲ್ಲಿ ಪ್ರೆಬೆನ್ ಸಿಕ್ಕ, ನಾನು ಮೆಟ್ಟಿಲು ಹತ್ತಿದೆ. ಆರು ಮಹಡಿ, ಈ ಮಂಡಿಯಲ್ಲಿ.

ಏಪ್ರಿಲ್ 9, ರೊಡೊವ್ರೆ

ಪ್ರೆಬೆನ್‌ನನ್ನು ಕೆಲಸದಿಂದ ತೆಗೆದರು. ಇಪ್ಪತ್ತಾರು ವರ್ಷ ನಮ್ಮ ಬ್ಯಾಗು ಹೊತ್ತವನು. ಟಿವಿಯಲ್ಲಿ ಹೇಳಿದ, "ತಪ್ಪು ನಂದೇ, ಬೇರೆ ಯಾರದ್ದೂ ಅಲ್ಲ."

ಡಿಟ್ಟೆ ಫೋನ್ ಮಾಡಿದ್ದಳು. ಖುಷಿಯಾಯ್ತಾ ಅಂದಳು. ಆಯ್ತು ಅಂದೆ. ಆಮೇಲೆ ಕೇಳಿದಳು:

"ಆವತ್ತು ಪಟ್ಟಿ ಓದಿದ್ಯಾರು ಗುಡ್ರುನ್?"

ನಮ್ಮ ತಂಡದ ಪದ್ಧತಿ: ಪಂದ್ಯದ ದಿನ ತಿಂಡಿ ಹೊತ್ತಿಗೆ ಎಲ್ಲರಿಗಿಂತ ಹಿರಿಯಳು ಪಟ್ಟಿ ಗಟ್ಟಿಯಾಗಿ ಓದಬೇಕು, ಪ್ರತಿಯೊಬ್ಬಳೂ "ಇದೀನಿ" ಅನ್ನಬೇಕು, ಆಮೇಲೆಯೇ ಕಾಗದ ಹೊರಡುವುದು. ಹಿರಿಯಳು ನಾನು. ಪ್ರೆಬೆನ್ ತಂದು ಕೈಗೇ ಕೊಟ್ಟಿದ್ದ. ಎರಡು ಸಲ ಹೇಳಿದ್ದ, "ಓದಮ್ಮಾ." ನಾನು ಆ ಪತ್ರಿಕೆಯ ಮೇಲೆ ಹರಿಹಾಯುತ್ತಿದ್ದೆ. "ಕಾಣಲ್ವಾ, ಮಾತಾಡ್ತಿದೀನಿ. ಎಲ್ಲಾ ಸರಿಯಿದೆ, ತಗೊಂಡ್ಹೋಗು."

ಇದನ್ನು ಅವನು ಯಾರಿಗೂ ಹೇಳಿಲ್ಲ. ನಾನು ಅಷ್ಟೆಲ್ಲ ಬೈದಾಗಲೂ ಹೇಳಲಿಲ್ಲ. ಯಾರು ಕೇಳಿದ್ದರು ಇವನ ದೊಡ್ಡತನ? ಬೈಯಬಾರದಿತ್ತೇ ನನ್ನನ್ನು, ಎಲ್ಲರ ಎದುರಿಗೆ, ಒಂದೇ ಒಂದು ಸಲ!

ಏಪ್ರಿಲ್ 10, ಬೆಳಿಗ್ಗೆ 9.10

ಹತ್ತಕ್ಕೆ ಡ್ಯೂಟಿ. ಹಾಕಿ ಸಂಘಕ್ಕೆ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿದಳು. "ಪ್ರೆಬೆನ್ ವಿಷಯನಾ? ಯೋಚ್ನೆ ಬಿಡಿ ಮೇಡಂ, ತೆಗೆದಾಯ್ತಲ್ಲ." ಸಿಹಿ ಸುದ್ದಿ ಕೊಡುವವಳ ದನಿ. "ಥ್ಯಾಂಕ್ಸ್" ಎಂದು ಇಟ್ಟುಬಿಟ್ಟೆ. ಥ್ಯಾಂಕ್ಸ್! ನನ್ನ ಬಾಯಿಗೆ ಬೆಂಕಿ ಹಾಕ.

ಮತ್ತೆ ಮಾಡುತ್ತೇನೆ. ಈ ಸಲ ಬರೆದುಕೊಂಡು ಓದಿ ಹೇಳುತ್ತೇನೆ. ನಾನು ಗುಡ್ರುನ್, ಆರನೇ ನಂಬರ್. ಆ ಬೆಳಿಗ್ಗೆ ಪಟ್ಟಿ ನನ್ನ ಕೈಯಲ್ಲಿತ್ತು. ನಾನು ಓದಲಿಲ್ಲ. ಪ್ರೆಬೆನ್...

ರಿಂಗ್ ಆಗುತ್ತಿದೆ. ಅದೇ ಹುಡುಗಿ —